ಮಾರಾಟಕ್ಕಿಟ್ಟ ಮನೆಯ ಓರಣ

ನಮ್ಮವರಲ್ಲಿ ಕೆಲವರು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಬಹುಕಾಲ ದುಡಿದು, ಸಾಲಸೋಲ ಮಾಡಿ ಒಂದು ಚಿಕ್ಕ ಮನೆ ಮಾಡಿಕೊಳ್ಳುತ್ತಾರೆ. ನಿವೃತ್ತಿಯ ಕಾಲಕ್ಕೆ ಅದನ್ನು ಮಾರಿ ಊರಿಗೆ ಹೊರಡುತ್ತಾರೆ. ಅಂಥವರಿಗೆ ಆ ಮನೆಯೇ ಜೀವಮಾನದ ಗಳಿಕೆ. ಆದುದರಿಂದ ಗಿರಾಕಿ ಒದಗುವ ತನಕ ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ಸಣ್ಣ ಮಾತಲ್ಲ.

ಮೊದಲನೆಯ ಶತ್ರು ಮಳೆ. ಕೇರಳಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕಾಲಿಡುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ತುಲಾವರ್ಷವೆಂಬ ಹಿಂಗಾರು ಬರುತ್ತದೆ. ಬೀಗ ಹಾಕಿ ಬಿಟ್ಟ ಮನೆಯಲ್ಲಿ ಗೋಡೆಗೆ ಬೂಷ್ಟು, ಅಂಗಳಕ್ಕೆ ಪಾಚಿ, ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತುವುದಕ್ಕೆ ಒಂದು ಮಳೆಗಾಲ ಸಾಕು. ಮೇ ತಿಂಗಳೊಳಗೆ ಒಡೆದ ಹೆಂಚು ಬದಲಿಸಿರಿ. ಸೂರಿನ ನೀರು ಹರಿಯುವ ದಾರಿಯಲ್ಲಿನ ತರಗೆಲೆ ತೆಗೆಸಿರಿ. ಮಳೆ ಬಿಟ್ಟ ದಿನ ಕಿಟಕಿಗಳನ್ನು ತೆರೆದು ಗಾಳಿಯಾಡಿಸಿರಿ. ಸಮುದ್ರದ ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿದಿದ್ದರೆ ಉಜ್ಜಿ ಬಣ್ಣ ಬಳಿಯಿರಿ. ತೊಟ್ಟಿ, ಚಿಪ್ಪು, ಹೂಕುಂಡಗಳಲ್ಲಿ ನೀರು ನಿಲ್ಲಗೊಡಬೇಡಿರಿ. ಡೆಂಗ್ಯೂ ತರುವ ಸೊಳ್ಳೆ ಹುಟ್ಟುವುದು ಅಲ್ಲಿಯೇ.

ಎರಡನೆಯದು ನಿತ್ಯದ ಓರಣ. ಮನೆಯಲ್ಲಿ ವಾಸವಿದ್ದರೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಹಾಸಿಗೆ ಸುತ್ತಿ, ಪಾತ್ರೆ ತೊಳೆದು, ಬಚ್ಚಲು ಒಣಗಿಸಿಡಿರಿ. ನೋಡುವವರು ಹೇಳಿ ಬರುವುದಿಲ್ಲ. ಬೇಡದ ಸಾಮಾನನ್ನು ಮೊದಲೇ ಊರಿಗೆ ಸಾಗಿಸಿದರೆ ಚಿಕ್ಕ ಕೋಣೆಯೂ ದೊಡ್ಡದಾಗಿ ಕಾಣುತ್ತದೆ.

ಇಲ್ಲೊಂದು ಗೆರೆಯನ್ನು ಮರೆಯಬಾರದು. ಶುಚಿ ಮಾಡುವುದು ಬೇರೆ, ಮುಚ್ಚಿಡುವುದು ಬೇರೆ. ಸೋರುವ ಗೋಡೆಗೆ ಸುಣ್ಣ ಬಳಿದರೆ ಕಲೆ ಮತ್ತೆ ಮೇಲೆ ಬರುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಸುಣ್ಣ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮಾರುವವನು ತನಗೆ ತಿಳಿದಿರುವ ಮುಖ್ಯ ದೋಷವನ್ನು, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದಂಥದಾದರೆ, ತಿಳಿಸತಕ್ಕದ್ದು. ತಿಳಿಸದಿದ್ದರೆ ಅದು ವಂಚನೆಯೆನಿಸುತ್ತದೆ. ಮಾರಾಟದ ಕರಾರಾದ ಮೇಲೂ ಸ್ವಾಧೀನ ಕೊಡುವವರೆಗೆ ಮನೆಯನ್ನು ಜೋಪಾನ ಮಾಡುವ ಭಾರ ಮಾರುವವನದೇ. ಮುಂಗಡ ಕೈಸೇರಿತೆಂದು ಗುಡಿಸುವುದನ್ನು ನಿಲ್ಲಿಸಬಾರದು.

ಕಾಗದಪತ್ರಗಳಿಗೂ ಓರಣ ಬೇಕು. ಇಲ್ಲಿನವರು ‘ಆಧಾರಂ’ ಎನ್ನುವ ಕ್ರಯಪತ್ರ, ವಿಲೇಜ್ ಆಫೀಸಿನ ಭೂಕರದ ರಸೀದಿ, ಕಟ್ಟಡ ತೆರಿಗೆಯ ರಸೀದಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಇವನ್ನು ಒಂದೇ ಫೈಲಿನಲ್ಲಿಡಿರಿ. ನೋಡಬಂದವರಿಗೆ ನಕಲು ಮಾತ್ರ ತೋರಿಸಿರಿ. ಅಸಲನ್ನು ಯಾರ ಕೈಗೂ ಕೊಟ್ಟು ಕಳುಹಬೇಡಿರಿ.

ಊರಿಗೆ ಮೊದಲೇ ಹೊರಡುವವರು ನಂಬಿಕೆಯ ನೆರೆಯವರಿಗೆ ಬೀಗದ ಕೈ ಕೊಟ್ಟು, ವಾರಕ್ಕೊಮ್ಮೆ ಬಾಗಿಲು ತೆರೆಸುವ ಏರ್ಪಾಡು ಮಾಡಿಕೊಳ್ಳುವುದು ಲೇಸು. ಹಾಳುಬಿದ್ದ ಮನೆಯನ್ನು ಕಂಡ ಗಿರಾಕಿ, ಮಾರುವವನಿಗೆ ಅವಸರವಿದೆಯೆಂದು ತಿಳಿದು ಬೆಲೆ ಇಳಿಸುತ್ತಾನೆ. ಗುಡಿಸಿ ಸಾರಿಸಿ, ಇದ್ದುದನ್ನು ಇದ್ದ ಹಾಗೆ ಹೇಳಿ ತೋರಿಸಿದ ಮನೆಗೆ ನ್ಯಾಯವಾದ ಬೆಲೆಯನ್ನು ಧೈರ್ಯವಾಗಿ ಕೇಳಬಹುದು.