ಪರಿಹಾಸವೇ, ವಂಚನೆಯೇ? – ಇಂಗ್ಲಿಷಿನ ಕೆಲವು ನುಡಿಗಟ್ಟುಗಳು

ಉದ್ದೇಶ: ಪರಿಹಾಸ, ಗೇಲಿ, ವಂಚನೆ ಇವುಗಳನ್ನು ಸೂಚಿಸುವ ಇಂಗ್ಲಿಷ್ ಆಡುನುಡಿಗಳ ಅರ್ಥಭೇದವನ್ನು ವಿದ್ಯಾರ್ಥಿಗಳು ಕನ್ನಡದ ನೆರವಿನಿಂದ ಗುರುತಿಸುವುದು.

ವಿಷಯ ವಿವರಣೆ

ನುಡಿಗಟ್ಟಿನ ಪದಗಳ ಅರ್ಥವನ್ನು ಕೂಡಿಸಿದ ಮಾತ್ರಕ್ಕೆ ಅದರ ಅರ್ಥ ದೊರೆಯುವುದಿಲ್ಲ. ‘ಪುಲ್ಲಿಂಗ್ ಮೈ ಲೆಗ್’ ಎಂದರೆ ತಮಾಷೆಗಾಗಿ ಸುಳ್ಳನ್ನು ನಂಬಿಸುವುದು. ಕನ್ನಡದ ‘ಕಾಲೆಳೆ’ ಎಂಬುದಕ್ಕೆ ಈ ಅರ್ಥದೊಡನೆ, ಮೇಲೇರುವವರಿಗೆ ಅಡ್ಡಿಪಡಿಸುವುದು ಎಂಬ ಅರ್ಥವೂ ಉಂಟು; ಇಂಗ್ಲಿಷಿನಲ್ಲಿ ಅದಿಲ್ಲ. ತನ್ನ ಏಳಿಗೆಗೆ ಇತರರು ಅಡ್ಡಿಯಾದರೆಂಬ ದೂರನ್ನು ಈ ನುಡಿಗಟ್ಟಿನಲ್ಲಿ ಬರೆದರೆ, ಆಂಗ್ಲಭಾಷಿಕರು ಅದನ್ನು ವಿನೋದವೆಂದೇ ತಿಳಿಯುವರು.

‘ಕಿಡ್’ ಎಂದರೆ ಮೂಲತಃ ಆಡಿನ ಮರಿ, ಬಳಿಕ ಮಗು. ಎದುರಿನವರನ್ನು ಮಗುವಿನಂತೆ ನಂಬಿಸುವುದರಿಂದ ‘ಕಿಡ್ಡಿಂಗ್’ ಬಂದಿರಬಹುದು. ಇದು ಸ್ನೇಹದ ಮಾತು. ಬ್ರಿಟನ್ನಿನ ‘ಟೇಕಿಂಗ್ ದ ಮಿಕ್ಕಿ’ಯಲ್ಲಿ ಗೇಲಿಯ ಮೊನೆಯಿದೆ. ‘ಪುಲ್ ದ ವುಲ್ ಓವರ್ ಸಮ್‌ಒನ್ಸ್ ಐಸ್’ ಎಂಬುದಾದರೋ ಶುದ್ಧ ವಂಚನೆ. ನಮ್ಮ ‘ಕಣ್ಣಿಗೆ ಮಣ್ಣೆರಚು’ ಇದಕ್ಕೆ ಸಮೀಪವಾದುದು.

ನೆರೆನುಡಿಗಳ ನೆರವು

ಗಡಿನಾಡಿನ ಮಕ್ಕಳಿಗೆ ಎರಡು ನುಡಿಗಳ ಪರಿಚಯವಿರುವುದು ಇಲ್ಲಿ ದೊಡ್ಡ ಬಲ. ಮಲಯಾಳದ ‘ಕಣ್ಣಿಲ್ ಪೊಡಿಯಿಡುಗ’, ಮರಾಠಿಯ ‘ಡೋಳ್ಯಾತ್ ಧೂಳ್ ಫೇಕಣೇ’ ಎರಡೂ ಕಣ್ಣಿಗೆ ಧೂಳೆರಚುವುದೇ. ಕನ್ನಡದಲ್ಲಿ ಕಿವಿಗೆ ಹೂವಿಟ್ಟರೆ, ತೆಲುಗಿನಲ್ಲಿ ‘ಚೆವಿಲೋ ಪುವ್ವು ಪೆಟ್ಟು’, ತಮಿಳಿನಲ್ಲಿ ‘ಕಾದಿಲ್ ಪೂ ಸುತ್ತು’ ಎಂಬ ಮಾತುಗಳಿವೆ. ಪರಿಚಿತವಾದ ಇವುಗಳಿಂದ ಆರಂಭಿಸಿದರೆ ಅಪರಿಚಿತವಾದ ಇಂಗ್ಲಿಷ್ ನುಡಿಗಟ್ಟು ಸುಲಭವಾಗಿ ಮನದಟ್ಟಾಗುವುದು.

ತರಗತಿಯ ಚಟುವಟಿಕೆ

ಕಪ್ಪುಹಲಗೆಯ ಮೇಲೆ ‘ವಿನೋದ’, ‘ಗೇಲಿ’, ‘ವಂಚನೆ’ ಎಂಬ ಮೂರು ಅಂಕಣಗಳನ್ನು ಎಳೆಯಬೇಕು. ರೇಗಿಸು, ಲೇವಡಿ ಮಾಡು, ಟೋಪಿ ಹಾಕು, ಮಂಕುಬೂದಿ ಎರಚು ಮೊದಲಾದವುಗಳನ್ನೂ ಮೇಲಿನ ಇಂಗ್ಲಿಷ್ ನುಡಿಗಟ್ಟುಗಳನ್ನೂ ಮಕ್ಕಳು ಚರ್ಚಿಸಿ ಸೂಕ್ತ ಅಂಕಣದಲ್ಲಿ ಬರೆಯಲಿ. ಒಂದೇ ಮಾತು ಎರಡು ಅಂಕಣಗಳಿಗೆ ಸಲ್ಲಬಹುದು, ಕಾರಣ ಕೇಳಬೇಕು.

ಶಿಕ್ಷಕರ ಗಮನಕ್ಕೆ

‘ಜಸ್ಟ್ ಕಿಡ್ಡಿಂಗ್’ ಎಂಬುದು ನೋಯಿಸಿದ ಬಳಿಕ ಹೇಳುವ ನೆಪವೂ ಆಗುವುದುಂಟು. ಒಬ್ಬ ವಿದ್ಯಾರ್ಥಿಯ ಮನೆಮಾತನ್ನೋ ಉಚ್ಚಾರಣೆಯನ್ನೋ ಆಡಿಕೊಂಡು ನಕ್ಕರೆ, ಅದು ವಿನೋದವೇ ಅಲ್ಲವೇ ಎಂಬುದನ್ನು ನಿರ್ಣಯಿಸುವವನು ನಕ್ಕವನಲ್ಲ, ಕೇಳಿಸಿಕೊಂಡವನು. ಅಂತಹ ಮಗು ಮರುದಿನದಿಂದ ಬಾಯಿ ತೆರೆಯದಿದ್ದರೆ ಭಾಷಾಪಾಠವೇ ನಿಂತಂತೆ. ಈ ವಿವೇಕವೂ ಪಾಠದ ಅಂಗವೇ.

ಅಭ್ಯಾಸ

1. ‘ಕಾಲೆಳೆ’ ಎಂಬುದನ್ನು ಎರಡು ಅರ್ಥಗಳಲ್ಲಿ ಬಳಸಿ ವಾಕ್ಯ ರಚಿಸಿರಿ.
2. ನಿಮ್ಮ ಊರಿನ ಅನ್ಯಭಾಷೆಯಿಂದ ಇಂತಹ ಎರಡು ನುಡಿಗಟ್ಟುಗಳನ್ನು ಸಂಗ್ರಹಿಸಿ ಅರ್ಥ ಬರೆಯಿರಿ.
3. ಈ ಆಡುನುಡಿಗಳನ್ನು ಅರ್ಜಿಯಲ್ಲಿ ಬಳಸಬಾರದೇಕೆ?