ಅನ್ನದೊಡನೆ ಅಕ್ಷರ

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿಗೆ ಬರುವ ರೈಲುಹಾದಿಯಲ್ಲಿ ಕೇಡಗಾಂವ್ ಎಂಬ ಊರಿದೆ. ಬರಗಾಲದಲ್ಲಿ ನೆಲೆ ತಪ್ಪಿದ ನೂರಾರು ಸ್ತ್ರೀಯರಿಗೂ ಮಕ್ಕಳಿಗೂ ಪಂಡಿತಾ ರಮಾಬಾಯಿಯವರು ಆಶ್ರಯ ಕಲ್ಪಿಸಿದ್ದು ಅಲ್ಲಿಯೇ.

ರಮಾಬಾಯಿಯವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕನಿಂದೆಗೆ ಅಂಜದೆ ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮಗಳಿಗೆ ಗುರುವಾದರು. 1874ರ ಸುಮಾರಿನಲ್ಲಿ ಕ್ಷಾಮಕ್ಕೆ ಸಿಲುಕಿ ತಂದೆತಾಯಿಗಳು ತೀರಿಕೊಂಡರು. 1882ರಲ್ಲಿ ಪತಿಯೂ ಗತಿಸಿದಾಗ ರಮಾಬಾಯಿಯವರ ಮಡಿಲಲ್ಲಿ ಹಸುಗೂಸು ಮನೋರಮಾ ಇದ್ದಳು. ಹೀಗೆ ಹಸಿವನ್ನೂ ವೈಧವ್ಯವನ್ನೂ ಅವರು ಸ್ವತಃ ಉಂಡವರು.

ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಅವರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಶಾರದಾ ಸದನವನ್ನು ತೆರೆದರು. ಅದು ಪುಣೆಗೆ ಸ್ಥಳಾಂತರಗೊಂಡ ಮೇಲೆ, ಮತಾಂತರದ ಶಂಕೆಯಿಂದ ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆದರೂ ರಮಾಬಾಯಿಯವರು ಕೈಕಟ್ಟಿ ಕೂರಲಿಲ್ಲ. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿದ್ದಾಗ ತಾವೇ ಅಲ್ಲಿಗೆ ಹೋಗಿ, ನಿರ್ಗತಿಕ ಸ್ತ್ರೀಯರನ್ನೂ ಬಾಲೆಯರನ್ನೂ ಕರೆತಂದರು. ಕೇಡಗಾಂವಿನಲ್ಲಿ ಅವರಿಗಾಗಿ ಎದ್ದ ನೆಲೆಗೆ 'ಮುಕ್ತಿ' ಎಂದು ಹೆಸರಾಯಿತು.

ಒಂದು ಹೊತ್ತಿನ ಗಂಜಿ ಆ ಹೊತ್ತಿನ ಹಸಿವನ್ನು ನೀಗಿಸೀತು; ಮರುದಿನದ ಚಿಂತೆ ಹಾಗೆಯೇ ಉಳಿಯುತ್ತದೆ. ಮಗುವನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಬಡ ತಾಯಿಯ ದುಡಿಮೆ ಸಾಗದು. ತಾಯಿಯ ದುಡಿಮೆ ನಿಂತರೆ ಶಾಲೆ ಸೇರಬೇಕಾದ ಮಗು ಕೂಲಿಗೆ ಹೋಗಬೇಕಾಗುತ್ತದೆ. ಈ ಕಗ್ಗಂಟನ್ನು ಬಿಡಿಸಬೇಕಾದರೆ ಆಶ್ರಯ, ಕಸುಬು, ವಿದ್ಯೆ ಮೂರೂ ಒಂದೆಡೆ ದೊರೆಯಬೇಕು. ಮುಕ್ತಿಯಲ್ಲಿ ಮಕ್ಕಳು ಪಾಠ ಕಲಿಯುತ್ತಿದ್ದರು. ಸ್ತ್ರೀಯರು ನೇಯ್ಗೆ, ಬೇಸಾಯ, ಹೈನುಗಾರಿಕೆಗಳನ್ನು ಕಲಿತರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸವನ್ನೂ ಅವರೇ ಮಾಡಿದರು. ಕುರುಡರಿಗೂ ಅಲ್ಲಿ ಓದು ಕಲಿಸಲಾಯಿತು. 1900ರ ವೇಳೆಗೆ ಆಶ್ರಯ ಪಡೆದವರ ಸಂಖ್ಯೆ ಸುಮಾರು 1500ಕ್ಕೆ ಏರಿತ್ತು.

ಈ ಸೇವೆ ನಮ್ಮ ಸೀಮೆಯನ್ನೂ ಮುಟ್ಟಿತು. ಚಿಟಗುಪ್ಪ, ಹುಮನಾಬಾದ್, ಕಲಬುರಗಿಗಳು ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ವಿದ್ಯೆಯ ಸೌಕರ್ಯ ಬಹಳ ವಿರಳವಾಗಿತ್ತು. 1912ರ ಸುಮಾರಿಗೆ ರಮಾಬಾಯಿಯವರು ಕಲಬುರಗಿಯಲ್ಲಿ ಶಾಲೆಯೊಂದನ್ನು ಸ್ಥಾಪಿಸಿದರು. ಅದರ ಮುಖ್ಯಾಧ್ಯಾಪಿಕೆಯ ಹೊಣೆಯನ್ನು ಹೊತ್ತವರು ಮನೋರಮಾ. ಒಂದು ಕಾಲಕ್ಕೆ ವಿಧವೆಯ ಮಡಿಲ ಕೂಸಾಗಿದ್ದವಳು ಇತರರ ಮಕ್ಕಳಿಗೆ ಅಕ್ಷರ ಕಲಿಸುವ ಗುರುವಾದಳು.

ಮನೋರಮಾ 1921ರಲ್ಲಿ ಕಾಲವಾದರು. ಮರುವರ್ಷ ತಾಯಿಯೂ ತೀರಿಕೊಂಡರು. ಕೇಡಗಾಂವಿನ ಮುಕ್ತಿ ಇಂದಿಗೂ ನಿರ್ಗತಿಕ ಸ್ತ್ರೀಯರಿಗೆ, ಮಕ್ಕಳಿಗೆ ನೆರಳಾಗಿದೆ. ಹಸಿದವರಿಗೆ ಅನ್ನವಿಕ್ಕುವುದು ದೊಡ್ಡ ಧರ್ಮ. ತಮ್ಮ ಅನ್ನವನ್ನು ತಾವೇ ಗಳಿಸುವ ಶಕ್ತಿಯನ್ನು ಅವರಿಗೆ ನೀಡುವುದು ಅದಕ್ಕಿಂತಲೂ ದೊಡ್ಡದು.