ಕಲುಷಿತ ಮಣ್ಣು: ಜಮೀನಿನ ಬಳಕೆ, ಆರೋಗ್ಯದ ಅಪಾಯ ಮತ್ತು ನಾಗರಿಕರ ಹಕ್ಕು

ಮಣ್ಣಿನಲ್ಲಿ ವಿಷ ಎಷ್ಟಿದೆ ಎಂಬುದರಷ್ಟೇ, ಆ ಮಣ್ಣಿನ ಮೇಲೆ ಯಾರು ಏನು ಮಾಡುತ್ತಾರೆ ಎಂಬುದೂ ಆರೋಗ್ಯದ ಅಪಾಯವನ್ನು ನಿರ್ಧರಿಸುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಕಾಂಕ್ರೀಟಿನಡಿ ಉಳಿದ ಸೀಸ ಕಾರ್ಮಿಕರ ಮೈ ಸೇರುವುದು ಕಡಿಮೆ. ಅದೇ ಜಾಗ ಬಡಾವಣೆಯಾದರೆ, ನೆಲದಲ್ಲಿ ಆಡಿದ ಕೈಯನ್ನು ಬಾಯಿಗಿಡುವ ಮಗು ಅದನ್ನು ನುಂಗುತ್ತದೆ. ಅಲ್ಲಿ ಸೊಪ್ಪು ಬೆಳೆದರೆ ಊಟದ ತಟ್ಟೆಗೇ ಬರುತ್ತದೆ. ಆದ್ದರಿಂದ ಮಿತಿಗಳನ್ನೂ ಬಳಕೆಗೆ ತಕ್ಕಂತೆ ನಿಗದಿಪಡಿಸುತ್ತಾರೆ. ಕೆನಡಾದ ಮಾರ್ಗಸೂಚಿಯಲ್ಲಿ ಒಂದು ಕಿಲೋ ಮಣ್ಣಿಗೆ ಸೀಸದ ಮಿತಿ ಕೃಷಿಗೆ 70 ಮಿಲಿಗ್ರಾಂ, ವಸತಿಗೆ 140, ವಾಣಿಜ್ಯಕ್ಕೆ 260, ಕೈಗಾರಿಕೆಗೆ 600. ಕೈಗಾರಿಕೆಗೆ ಒಪ್ಪಿತವಾದ ಮಣ್ಣು ಮನೆಗೆ ಒಪ್ಪದಿರಬಹುದು. ಹಳೆಯ ಕಾರ್ಖಾನೆಯ ಜಾಗದಲ್ಲಿ ನಿವೇಶನ ಕೊಳ್ಳುವವರು ಮಣ್ಣು ಪರೀಕ್ಷೆಯ ವರದಿ ಕೇಳಲೇಬೇಕು.

ಭಾರತದಲ್ಲಿ ಕಲುಷಿತ ಮಣ್ಣಿನ ತಾಣಗಳಿಗೆಂದೇ ಇರುವುದು 2025ರ ಜುಲೈನಲ್ಲಿ ಪ್ರಕಟವಾದ ಪರಿಸರ ಸಂರಕ್ಷಣೆ (ಕಲುಷಿತ ತಾಣಗಳ ನಿರ್ವಹಣೆ) ನಿಯಮಗಳು. ಶಂಕಿತ ತಾಣಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಿದ್ಧಪಡಿಸಬೇಕು. ಪ್ರಾಥಮಿಕ ಪರಿಶೀಲನೆಗೆ 90 ದಿನ, ದೃಢೀಕರಿಸುವ ಸಮೀಕ್ಷೆಗೆ ಇನ್ನೂ ಮೂರು ತಿಂಗಳು. ಕಲುಷಿತವೆಂದು ಖಚಿತವಾದರೆ ತಾಣವನ್ನು ಸಾರ್ವಜನಿಕವಾಗಿ ಪ್ರಕಟಿಸಿ, ಜನರ ಪ್ರವೇಶ ನಿರ್ಬಂಧಿಸಬೇಕು. ಶುದ್ಧೀಕರಣದ ವೆಚ್ಚ ಕೆಡಿಸಿದವರದು. ಆದರೆ ಶುದ್ಧೀಕರಣ ಮುಗಿಸಲು ಕಡೆಯ ದಿನಾಂಕವಿಲ್ಲದಿರುವುದು ಈ ನಿಯಮಗಳ ದೊಡ್ಡ ಕೊರತೆ. ವಿಕಿರಣಶೀಲ ತ್ಯಾಜ್ಯ, ಘನತ್ಯಾಜ್ಯ ಸುರಿದ ಜಾಗ ಮತ್ತು ಗಣಿಗಾರಿಕೆಯ ಮಾಲಿನ್ಯ ಸಾಮಾನ್ಯವಾಗಿ ಈ ನಿಯಮಗಳ ಹೊರಗೆ. ಕೋಲಾರದ ಚಿನ್ನದ ಗಣಿ ಮುಚ್ಚಿ ಎರಡು ದಶಕ ಕಳೆದರೂ ಕೆಜಿಎಫ್‌ನ ಸೈನೈಡ್ ದಿಬ್ಬಗಳ ದೂಳಿನ ಜತೆ ಬದುಕುತ್ತಿರುವವರಿಗೆ ಇದು ಸಣ್ಣ ಸಂಗತಿಯಲ್ಲ.

ಮಣ್ಣು ಕಲುಷಿತವೆಂಬ ಅನುಮಾನ ಬಂದವರು ಜಿಲ್ಲಾಧಿಕಾರಿಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಸರ್ವೆ ನಂಬರ್, ಹಿಂದಿನ ಬಳಕೆ, ಈಗಿನ ಬಳಕೆ, ಅಲ್ಲಿ ಮಕ್ಕಳು ಆಡುತ್ತಾರೆಯೇ, ಬೆಳೆ ಅಥವಾ ಕೊಳವೆಬಾವಿ ಇದೆಯೇ ಎಂಬ ವಿವರ ದೂರಿನಲ್ಲಿರಲಿ. ಪರೀಕ್ಷಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ.

ಕ್ರಮವಾಗದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಬಹುದು. ನ್ಯಾಯಮಂಡಳಿಯ 2010ರ ಕಾಯ್ದೆಯ 14ನೇ ಕಲಮಿನ ಅರ್ಜಿಗೆ, ವಿವಾದದ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳ ಮಿತಿ. 15ನೇ ಕಲಮಿನಡಿ ಪರಿಹಾರ ಮತ್ತು ಪರಿಸರದ ಪುನಶ್ಚೇತನ ಕೋರಲು ಐದು ವರ್ಷ. ಸಕಾರಣವಿದ್ದರೆ ಎರಡಕ್ಕೂ 60 ದಿನ ಹೆಚ್ಚುವರಿ ಸಿಗುತ್ತದೆ. ವಕೀಲರನ್ನು ನೇಮಿಸದೆ ಅರ್ಜಿದಾರರೇ ವಾದಿಸಲೂ ಅವಕಾಶವಿದೆ.